ಮುರಕಲ್ಲಿನ ಶಿಲೋದ್ಯಾನದಲ್ಲಿ ಜೇಕು

ಹುಲ್ಲಿನಂತೆ ಕಂಡರೂ ಹುಲ್ಲಲ್ಲದ ಸಸ್ಯಕುಟುಂಬ ಜೇಕಿನದು. ಹುಲ್ಲಿನ ಕಾಂಡವು ಸಾಮಾನ್ಯವಾಗಿ ದುಂಡಗೆ, ಗೆಣ್ಣುಗಳ ನಡುವೆ ಟೊಳ್ಳಾಗಿರುತ್ತದೆ. ಜೇಕಿನ ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದರೆ ಬಹುಮಟ್ಟಿಗೆ ಮೂರು ಅಂಚುಗಳು ತಗಲುತ್ತವೆ. ಎಲೆಗಳೂ ಮೂರು ಸಾಲಾಗಿ ಹೊರಡುತ್ತವೆ. ಪ್ರಪಂಚದಲ್ಲಿ ಇದರ ಪ್ರಭೇದಗಳು 5000ಕ್ಕೂ ಮಿಕ್ಕಿವೆ.

ಪಾಶ್ಚಾತ್ಯ ದೇಶಗಳಲ್ಲಿ ಕಲ್ಲುಗಳನ್ನು ಜೋಡಿಸಿ, ಅವುಗಳ ಸಂದುಗಳಲ್ಲಿ ಪರ್ವತಸಸ್ಯಗಳನ್ನು ಬೆಳೆಸುವ ಪದ್ಧತಿ ಹಳೆಯದು. ಲಂಡನ್ನಿನ ಕ್ಯೂ ಉದ್ಯಾನದ ಶಿಲೋದ್ಯಾನ 1882ರದು. ಇಂಥ ತೋಟಗಳಲ್ಲಿ ಕ್ಯಾರೆಕ್ಸ್ ಎಂಬ ಜಾತಿಯ ಜೇಕುಗಳನ್ನು ಶೋಭೆಗಾಗಿ ನೆಡುವರು. ಆಲ್ಪ್ಸ್ ಪರ್ವತದ ಸುಣ್ಣಕಲ್ಲಿನ ಮೇಲೆ ಮೆತ್ತೆಯಂತೆ ಹಬ್ಬುವ ಕ್ಯಾರೆಕ್ಸ್ ಫರ್ಮಾ ಅವುಗಳಲ್ಲೊಂದು. ಅಲ್ಲಿ ಗಟ್ಟಿ ಸಸ್ಯವೆಂದರೆ ಹಿಮವನ್ನು ತಾಳುವ ಸಸ್ಯ. ಆ ಗಟ್ಟಿತನದಿಂದ ಮಂಗಳೂರಿಗೇನು ಪ್ರಯೋಜನ? ಇಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸಪ್ಟೆಂಬರಿನೊಳಗೆ. ಆಮೇಲೆ ಅದೇ ಕಲ್ಲು ಬೇಸಗೆಯಲ್ಲಿ ಕಾದ ಹಂಚಿನಂತಾಗುತ್ತದೆ.

ಈ ಎರಡೂ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಜೇಕುಗಳು ನಮ್ಮ ಪದವುಗಳಲ್ಲೇ ಇವೆ. ಪದವೆಂದರೆ ಮುರಕಲ್ಲಿನ ಎತ್ತರದ ಬಯಲು. ಪದವಿನಂಗಡಿ ಎಂಬ ಹೆಸರು ನಗರದಲ್ಲಿ ಯಾರಿಗೆ ತಿಳಿಯದು? ಮಳೆಗಾಲದಲ್ಲಿ ಅಲ್ಲಿ ಬಂಡೆಯ ಮೇಲಿನ ತೆಳುವಾದ ಮಣ್ಣಿನಲ್ಲಿ ಫಿಂಬ್ರಿಸ್ಟೈಲಿಸ್ ಜಾತಿಯ ಜೇಕುಗಳೂ, ಕೂದಲೆಳೆಯಂಥ ಎಲೆಗಳ ಬಲ್ಬೋಸ್ಟೈಲಿಸ್ ಬಾರ್ಬೇಟವೂ ಹಸುರಾಗುತ್ತವೆ. ಮಳೆ ಮುಗಿದ ಮೇಲೆ ಬೀಜವನ್ನು ಜಲ್ಲಿಯಲ್ಲಿ ಉದುರಿಸಿ ಹಲವು ಒಣಗಿಹೋಗುತ್ತವೆ. ಒಣಗಿದ ಕಾಲದಲ್ಲಿ ನೋಡಿದವರು ಪದವನ್ನು ಬಂಜರೆಂದೇ ತಿಳಿಯುತ್ತಾರೆ. ಕಲ್ಲಿನ ಕೋರೆಗೂ ನಿವೇಶನಕ್ಕೂ ಅದನ್ನು ಕೊಡುವಾಗ ಯಾರಿಗೂ ನಷ್ಟವೆನಿಸುವುದಿಲ್ಲ. ನನಗಂತೂ ಇದು ದೊಡ್ಡ ನಷ್ಟವೆಂದೇ ತೋರುತ್ತದೆ.

ಗದ್ದೆಯಲ್ಲಿ ಕಳೆ ಕಿತ್ತು ದಣಿದ ನನ್ನ ತಾಯಿಗೆ, ಜೇಕನ್ನು ನೆಡುವುದಕ್ಕೂ ಪುಸ್ತಕ ಓದಬೇಕೇ ಎಂದು ನಗು ಬರುತ್ತದೆ. ಒಂದು ಜೇಕಿನ ಮಟ್ಟಿಗೆ ಆಕೆಯ ನಗು ನ್ಯಾಯವೇ. ಕೊನ್ನಾರಿ ಗೆಡ್ಡೆ ಔಷಧಕ್ಕೂ ಸುಗಂಧಕ್ಕೂ ಬಂದರೂ ಅದನ್ನು ತೋಟಕ್ಕೆ ತರಲೇಬಾರದು. ಅದರ ಗೆಡ್ಡೆಗಳು ನೆಲದೊಳಗೆ ಸರಪಳಿಯಂತೆ ಹಬ್ಬುತ್ತವೆ. ಒಂದು ಉಳಿದರೂ ಮತ್ತೆ ಚಿಗುರುತ್ತದೆ.

ಕೆಲಸವನ್ನು ಮೇ ತಿಂಗಳಲ್ಲಿ ಆರಂಭಿಸಬೇಕು. ಒಡೆದ ಮುರಕಲ್ಲುಗಳ ಮೂರನೆಯ ಒಂದು ಪಾಲು ನೆಲದಲ್ಲಿ ಹೂತು ಹೋಗುವಂತೆ, ನೀರು ಒಂದೇ ಕಡೆಗೆ ಇಳಿಯುವಂತೆ ಇಡುವುದು. ಸಂದುಗಳಿಗೆ ಮುರಕಲ್ಲಿನ ಪುಡಿ, ಮರಳು, ಸ್ವಲ್ಪ ತರಗೆಲೆಯ ಗೊಬ್ಬರ ಸಾಕು. ಸೆಗಣಿಗೊಬ್ಬರ ಹೆಚ್ಚಾದರೆ ಜೇಕು ಸೊಕ್ಕಿ ಬೆಳೆದು ಮಗುಚಿ ಬೀಳುತ್ತದೆ. ಪದವಿನಿಂದ ಗಿಡಗಳನ್ನು ಕೀಳುವುದು ಬೇಡ; ಮಳೆಗಾಲದ ಕೊನೆಯಲ್ಲಿ ಬಲಿತ ತೆನೆಗಳನ್ನು ಹಿತಮಿತವಾಗಿ ಆರಿಸಿ ತಂದು ಒಣಗಿಸಿಟ್ಟರೆ ಮೊದಲ ಮಳೆಗೆ ಬಿತ್ತಬಹುದು. ಸಮತಟ್ಟಾಗಲಿರುವ ನಿವೇಶನವಿದ್ದರೆ ಮಾತ್ರ ಒಡೆಯರ ಒಪ್ಪಿಗೆ ಪಡೆದು ಮಣ್ಣಿನ ಹೆಪ್ಪನ್ನೇ ಎತ್ತಿ ತರಬಹುದು.

ತೋಟದ ತಗ್ಗಿನಲ್ಲಿ ನೀರು ನಿಲ್ಲುವಲ್ಲಿಗೆ ಆಫ್ರಿಕದಿಂದ ಬಂದ ಕೊಡೆಯಾಕಾರದ ಜೇಕು ಸೊಗಸು. ಅದರ ಕೊಡೆಯನ್ನು ತುಸು ದಂಟಿನೊಡನೆ ಕತ್ತರಿಸಿ, ಎಲೆಗಳನ್ನು ಮೊಟಕುಮಾಡಿ, ತಲೆಕೆಳಗಾಗಿ ನೀರಿನಲ್ಲಿ ತೇಲಬಿಟ್ಟರೆ ಕೆಲವು ವಾರಗಳಲ್ಲಿ ಬೇರೊಡೆಯುತ್ತದೆ. ಇದು ಸುಲಭವಾಗಿ ಹಬ್ಬುವುದರಿಂದ ತೊಟ್ಟಿಯೊಳಗೇ ಇರಲಿ, ತೋಡಿಗೆ ಎಸೆಯಬಾರದು.

ಜನವರಿಯ ಬಳಿಕ ಕಲ್ಲಿನ ಸಂದುಗಳಲ್ಲಿ ಒಣಕಡ್ಡಿಯ ಹೊರತು ಹೆಚ್ಚೇನೂ ಕಾಣದು. ಆಗ ಅಂಗಳ ಗುಡಿಸುವವರಿಗೆ ಮೊದಲೇ ಹೇಳಿಡಬೇಕು: ಮುಂದಿನ ಬೆಳೆಯ ಬೀಜವೆಲ್ಲ ಆ ಜಲ್ಲಿಯಲ್ಲೇ ಇರುತ್ತದೆ.