ಅಣ್ಣನ ನಕ್ಷೆ, ಕಡಲಿನ ಭರತ

ನಮ್ಮಣ್ಣ ಈ ಕಥೆಯನ್ನು ಮದುವೆಮನೆಗಳಲ್ಲಿ ಹೇಳುವ ಧಾಟಿಯೇ ಬೇರೆ. ಅವನ ಬಾಯಲ್ಲಿ ಅದೊಂದು ಸಾಹಸ, ಅವನೇ ಅದರ ನಾಯಕ. ನಾವಿಬ್ಬರು ಹೆಂಗಸರು ಅಂಜಿ ಅಳುತ್ತ ಕೂತವರು. ವೈನಿ ಪಕ್ಕದಲ್ಲೇ ಇದ್ದರೂ ತುಟಿ ಬಿಚ್ಚುವುದಿಲ್ಲ. ಹೀಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಗೋಕರ್ಣದಿಂದ ಕುಮಟಾದವರೆಗೆ ಬೆನ್ನಿಗೆ ಚೀಲ ಹಾಕಿಕೊಂಡು ಕಡಲಂಚಿನಲ್ಲಿ ನಡೆಯುವ ಹುಕಿ ಈಗ ಬಹಳ ಜನರಿಗೆ ಹತ್ತಿದೆ. ಅವರಿಗಾದರೂ ಉಪಯೋಗವಾಗಲಿ.

ನಾವು ಮೂವರೂ ಐವತ್ತು ದಾಟಿದವರು, ಧಾರವಾಡದವರು. ಅಣ್ಣ ಸರ್ವೇಯರ್ ಆಗಿ ನಿವೃತ್ತನಾದವನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು.

ಸಾಣಿಕಟ್ಟಾದ ಉಪ್ಪಿನ ಆಗರ ನೋಡಿಕೊಂಡು ತದಡಿಗೆ ಬಂದು, ದೋಣಿಯಲ್ಲಿ ಹೊಳೆ ದಾಟಿ ಅಘನಾಶಿನಿ ಊರಿಗೆ ಇಳಿದೆವು. ಊರಿಗೂ ಹೊಳೆಗೂ ಒಂದೇ ಹೆಸರು. ಶಿರಸಿಯ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ಇಲ್ಲಿಗೆ ಬಂದು ಕಡಲು ಸೇರುವ ಹೊಳೆ ಇದು. ತದಡಿಯಲ್ಲಿ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆಂದು ಒಂದು ಕಾಲಕ್ಕೆ ದೊಡ್ಡ ಗದ್ದಲವಾಗಿತ್ತು. ಜನ ಪಟ್ಟು ಹಿಡಿದು ವಿರೋಧಿಸಿದರು, ಅದು ಬರಲಿಲ್ಲ. 2024ರಲ್ಲಿ ಈ ಅಳಿವೆಗೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಪಟ್ಟಿಯ ಸುದ್ದಿ ನಮಗೆ ಊಟ ಹಾಕಿದ ಮನೆಯವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಅವರಿಗೆ ಗೊತ್ತಿದ್ದದ್ದು ಬೆಳಚು. ಇಳಿತದ ಹೊತ್ತಿಗೆ ಹೊಳೆಯ ನಡುವೆ ಕೆಸರು ದಿಬ್ಬ ಏಳುತ್ತದೆ, ಹೆಂಗಸರು ಗಂಡಸರು ಎಲ್ಲ ಸೊಂಟದ ತನಕ ನೀರಿನಲ್ಲಿ ಬಗ್ಗಿ ಚಿಪ್ಪು ಹೆಕ್ಕುತ್ತಾರೆ. ಮನೆಯ ಅಜ್ಜಿ ಅಂಗಳದಲ್ಲಿ ಕೂತು ಒಂದೊಂದೇ ಬೆಳಚನ್ನು ಎತ್ತಿ ಇನ್ನೊಂದಕ್ಕೆ ತಟ್ಟಿ ಕೇಳುತ್ತಿದ್ದಳು. ಸದ್ದು ಪೊಳ್ಳಾಗಿ ಬಂದರೆ ಆಚೆ ಎಸೆಯುವುದು, ಗಟ್ಟಿಯಾಗಿ ಬಂದರೆ ಬುಟ್ಟಿಗೆ. ಕಣ್ಣು ಬೇರೆಲ್ಲೋ, ಮಾತು ಇನ್ನೆಲ್ಲೋ, ಕೈ ಮಾತ್ರ ತಪ್ಪುತ್ತಿರಲಿಲ್ಲ.

ಆ ಊಟದ ಹೊತ್ತಿಗೇ ಅಜ್ಜಿ ಕೇಳಿದಳು: ‘ಇವತ್ತು ಹುಣ್ಣಿಮೆ ಅಲ್ವಾ? ಕುಮಟಾಕ್ಕೆ ನಡ್ಕೊಂಡು ಎಂತಕ್ಕೆ? ಟೆಂಪೋ ಇದ್ಯಲ್ಲ.’ ಅಣ್ಣ ನಕ್ಕ. ಹುಣ್ಣಿಮೆಗೂ ನಡಿಗೆಗೂ ಏನು ಸಂಬಂಧ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಕಾಗಾಲ, ಬಾಡ ದಾಟುವವರೆಗೆ ತೊಂದರೆಯಿಲ್ಲ. ಉದ್ದಕ್ಕೆ ಮರಳು, ಗಾಳಿಮರ, ದಂಡೆಗೆ ಎಳೆದಿಟ್ಟ ದೋಣಿಗಳು. ಕಡ್ಲೆಯ ಆಚೆ ಗುಡ್ಡ ಕಡಲಿಗೇ ಇಳಿದು ನಿಂತಲ್ಲಿ ನಮ್ಮ ಗ್ರಹಚಾರ ಶುರುವಾಯಿತು. ಸಂಜೆ ಐದರ ಮೇಲಾಗಿತ್ತು. ನೀರು ಬಹಳ ಕೆಳಗೆ ಹೋಗಿ, ಬಂಡೆಗಳ ಬುಡದಲ್ಲಿ ನಡೆಯಲು ದಾರಿ ಬಿಟ್ಟುಕೊಟ್ಟಿತ್ತು. ಬಂಡೆಗೆ ಅಂಟಿದ ಚಿಪ್ಪುಗಳನ್ನು ಕತ್ತಿಯಿಂದ ಎಬ್ಬಿಸುತ್ತಿದ್ದ ಹೆಂಗಸರು ಆಗಲೇ ಬುಟ್ಟಿ ತಲೆಗೇರಿಸಿ ಹೊರಟಿದ್ದರು. ಒಬ್ಬಳು ನಮ್ಮನ್ನು ನೋಡಿ ನಿಂತಳು. ‘ಅಮ್ಮಾ, ಈಗ ಆ ಬದಿಗೆ ಹೋಗ್ಬೇಡಿ. ನೀರು ತಿರುಗ್ತು. ಮೇಲೆ ರಸ್ತೆ ಉಂಟು.’

ಅಣ್ಣ ಮೊಬೈಲು ತೆಗೆದ. ನಕ್ಷೆಯಲ್ಲಿ ಆ ಮೂಲೆಯಾಚೆ ಹಳದಿ ಮರಳು ಕಾಣುತ್ತಿತ್ತು. ‘ಹತ್ತು ನಿಮಿಷದ ದಾರಿ ಐತಿ. ಜೀವನಪೂರ್ತಿ ನಕ್ಷೆ ಹಿಡಕೊಂಡು ಅಡ್ಡಾಡೇನಿ, ನನಗೇನು ಹೇಳ್ತೀರಿ?’ ರಸ್ತೆಗೇ ಹೋಗೋಣ ಎಂದು ನಾನು ಸ್ಪಷ್ಟವಾಗಿ ಹೇಳಿದೆ. ವೈನಿಯೂ ‘ನನ್ನ ಮೊಣಕಾಲು ಕೇಳಂಗಿಲ್ರಿ’ ಅಂದರು. ಅವನು ಆಗಲೇ ಹತ್ತು ಹೆಜ್ಜೆ ಮುಂದಿದ್ದ. ನಮ್ಮ ಮನೆಗಳಲ್ಲಿ ಗಂಡಸು ಮುಂದೆ ನಡೆದರೆ ಚರ್ಚೆ ಮುಗಿಯಿತು ಎಂದೇ ಲೆಕ್ಕ.

ಮೊದಲ ಮೂಲೆ ಪಾದ ಒದ್ದೆಯಾಗುವಷ್ಟರಲ್ಲಿ ದಾಟಿತು. ಆಚೆ ಒಂದು ಅಂಗಳದಷ್ಟು ಮರಳು, ಮೂರು ಕಡೆ ಕಡಿದಾದ ಮುರಕಲ್ಲಿನ ಗೋಡೆ. ಸೂರ್ಯ ಮುಳುಗುವುದನ್ನು ಅಣ್ಣ ಮೊಬೈಲಿನಲ್ಲಿ ಹಿಡಿಯುತ್ತ ನಿಂತ. ಮುಳುಗಿದ ಮೇಲೂ ನಿಂತ. ಎರಡನೆಯ ಮೂಲೆಗೆ ಹೋಗಿ ನೋಡಿದರೆ ಅಲ್ಲಿ ದಾರಿಯೇ ಇಲ್ಲ. ಅಲೆ ಬಂಡೆಗೆ ಅಪ್ಪಳಿಸಿ ತಲೆಯ ಮೇಲಕ್ಕೆ ಹಾರುತ್ತಿತ್ತು. ‘ಒಂದು ಅಲೆ ಹೋಗಲಿ, ಓಡಿ ದಾಟೋಣು’ ಎನ್ನುತ್ತ ಅವನು ಅಲ್ಲಿ ಕಳೆದ ಹೊತ್ತಿಗೆ ಲೆಕ್ಕವಿಲ್ಲ. ವಾಪಸ್ಸು ಬಂದಾಗ ಮೊದಲ ಮೂಲೆಯಲ್ಲಿ ನೀರು ಮೊಣಕಾಲು ಮುಟ್ಟುತ್ತಿತ್ತು, ಅಲೆ ಬಂದರೆ ಎದೆಗೆ. ನಾನು ಎರಡು ಹೆಜ್ಜೆ ಇಟ್ಟೆ. ಅಲೆ ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳು ಕರಗಿ ಹೋಗಿ, ಬೆನ್ನ ಮೇಲಿನ ಚೀಲ ನನ್ನನ್ನು ಪಕ್ಕಕ್ಕೆ ಎಳೆಯಿತು. ವೈನಿ ನನ್ನ ಚೀಲದ ಪಟ್ಟಿ ಹಿಡಿದು ಜಗ್ಗಿದರು. ಅವರಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಅದೇ ಜಗ್ಗಾಟದಲ್ಲಿ ಬಂಡೆಗೆ ಕೈಯೂರಿ ಅವರ ಅಂಗೈ ಉದ್ದಕ್ಕೆ ಹರಿಯಿತು. ಬಂಡೆಗೆ ಅಂಟಿ ಬೆಳೆಯುವ ಕಲ್ವಾದ (ಸಿಂಪಿಯ) ಚಿಪ್ಪು ಅಲಗಿನಂತಿರುತ್ತದೆ. ಉಪ್ಪುನೀರು ತಾಗಿದಾಗ ಅವರು ಕೂಗಲಿಲ್ಲ, ಹಲ್ಲು ಕಚ್ಚಿದರು. ಅಳುತ್ತ ಕೂತವರು ಎಂದು ಅಣ್ಣ ಹೇಳುವುದು ಇವರನ್ನು.

ಒಂದಾಳೆತ್ತರದ ಚಪ್ಪಟೆ ಬಂಡೆಯೊಂದಿತ್ತು, ಅದನ್ನು ಹತ್ತಿದೆವು. ಮರಳಿನ ಅಂಗಳ ಮೊದಲು ಪಟ್ಟಿಯಾಯಿತು, ಆಮೇಲೆ ಇಲ್ಲವಾಯಿತು. ಚಂದ್ರ ಗುಡ್ಡದ ಹಿಂದಿನಿಂದ ಬಂದ ಮೇಲೆ ಬೆಳಕಿಗೆ ಕೊರತೆಯಿರಲಿಲ್ಲ. ಅದೇ ಕಷ್ಟ, ನೀರು ಏರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಎದುರಿನ ಗೋಡೆಯ ಮೇಲಿನ ಬಿಳಿ ಕಲೆಯೊಂದನ್ನು ಗುರುತಿಟ್ಟುಕೊಂಡಿದ್ದೆ. ಅದು ಮುಳುಗಿತು. ಇನ್ನೊಂದನ್ನು ಗುರುತಿಟ್ಟೆ. ಫೋನಿಗೆ ಸಿಗ್ನಲ್ ಇರಲಿಲ್ಲ. ವೈನಿ ಒದ್ದೆ ಸೆರಗನ್ನು ಅಂಗೈಗೆ ಸುತ್ತಿಕೊಂಡು, ಮಗಳ ಬಾಣಂತನಕ್ಕೆ ತೆಗೆದಿಟ್ಟ ದುಡ್ಡು ಯಾವ ಡಬ್ಬಿಯಲ್ಲಿದೆ ಎಂದು ನನಗೆ ಹೇಳಿದರು. ಅಲ್ಲಿಯವರೆಗೆ ನನಗೆ ಸಿಟ್ಟಿತ್ತು. ಆ ಮಾತು ಕೇಳಿದ ಮೇಲೆ ಹೆದರಿಕೆ ಬಂತು. ಅಣ್ಣ ಮೊಬೈಲಿನ ಟಾರ್ಚ್ ಹಚ್ಚಿ ಕಡಲಿನ ಕಡೆಗೆ ಬೀಸುತ್ತಿದ್ದ. ಕಡಲಿನಲ್ಲಿ ಯಾರೂ ಇರಲಿಲ್ಲ.

ಕೂಗು ಬಂದದ್ದು ಮೇಲಿನಿಂದ, ಗುಡ್ಡದ ಗೇರುಮರಗಳ ನಡುವಿನಿಂದ. ‘ಅಲ್ಲೇ ನಿಲ್ಲಿ, ಇಳೀಬೇಡಿ!’ ಮೂರು ಜನ ಹುಡುಗರು ಬಲೆಯ ಹಗ್ಗ ತಂದಿದ್ದರು. ಒಬ್ಬ ಬರಿಗಾಲಲ್ಲಿ ಆ ಗೋಡೆಯನ್ನು ಇಳಿದು ಬಂದ, ವೈನಿಯ ಸೊಂಟಕ್ಕೆ ಹಗ್ಗ ಕಟ್ಟಿದ, ಎಲ್ಲೆಲ್ಲಿ ಕಾಲಿಡಬೇಕೋ ಅಲ್ಲಲ್ಲಿ ತನ್ನ ಅಂಗೈ ಇಟ್ಟು ತೋರಿಸಿದ. ಅಣ್ಣನನ್ನು ಎಳೆಯುವುದೇ ಎಲ್ಲರಿಗಿಂತ ಕಷ್ಟವಾಯಿತು.

ತನ್ನ ಟಾರ್ಚ್ ನೋಡಿ ಅವರು ಬಂದರು ಎಂಬುದು ಅಣ್ಣನ ಕಥೆ. ಅದು ಸುಳ್ಳು. ಬುಟ್ಟಿ ಹೊತ್ತಿದ್ದ ಆ ಹೆಂಗಸು ಮನೆಗೆ ಹೋಗಿ, ನಾವು ರಸ್ತೆಗೆ ಹತ್ತಿ ಬಂದದ್ದನ್ನು ಯಾರಾದರೂ ನೋಡಿದಿರಾ ಎಂದು ನಾಲ್ಕು ಮನೆಗಳಲ್ಲಿ ವಿಚಾರಿಸಿದ್ದಾಳೆ. ಯಾರೂ ನೋಡಿರಲಿಲ್ಲ, ಮಗನನ್ನು ಕಳಿಸಿದ್ದಾಳೆ. ಅವಳ ಮನೆಯಲ್ಲೇ ಚಹಾ ಕುಡಿದೆವು, ವೈನಿಯ ಕೈಗೆ ಅವಳೇ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು. ಬೈಯುತ್ತಾಳೆಂದುಕೊಂಡಿದ್ದೆ. ‘ನಿಮ್ಮ ಬದಿಗೆ ಕಡಲಿಲ್ಲ, ನಿಮಗೆ ಹೇಗೆ ಗೊತ್ತಾಗ್ಬೇಕು’ ಅಂದಳು ಅಷ್ಟೇ. ಅಣ್ಣ ದುಡ್ಡು ಕೊಡಲು ಹೋದ, ತೆಗೆದುಕೊಳ್ಳಲಿಲ್ಲ.

ಈಗ ಹೋಗುವವರಿಗೆ ಎರಡು ಮಾತು. ಭರತ, ಇಳಿತ ಎರಡೂ ದಿನಕ್ಕೆ ಎರಡೆರಡು ಸಲ, ನಡುವೆ ಆರು ತಾಸಿನ ಆಚೀಚೆ. ಏರುವಾಗ ಮೊದಲ ತಾಸು ನಿಧಾನ, ಅದರಿಂದಲೇ ಮೋಸ. ನಡುವಿನ ಎರಡು ತಾಸಿನಲ್ಲಿ ಅರ್ಧಕ್ಕರ್ಧ ನೀರು ಏರಿಬಿಡುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಳಿತವೂ ಜಾಸ್ತಿ, ಭರತವೂ ಜಾಸ್ತಿ. ಈ ಕರಾವಳಿಯಲ್ಲಿ ಆ ದಿನಗಳಲ್ಲಿ ಸಂಜೆ ನೀರು ತಳ ಕಂಡು, ನಡುರಾತ್ರಿಯ ಹೊತ್ತಿಗೆ ತುಂಬುತ್ತದೆ. ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹೊರಡುವ ಮುಂಚೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಳ್ಳಿ. ಚಿಪ್ಪು ಹೆಕ್ಕುವವರು ಬುಟ್ಟಿ ಎತ್ತಿಕೊಂಡು ಹೊರಟರೆ ನೀವೂ ಹೊರಡಿ. ಚೀಲ ಹಗುರವಿರಲಿ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಇರಲಿ, 112 ನೆನಪಿರಲಿ, ಸಿಗ್ನಲ್ ಸಿಗುವ ಭರವಸೆ ಮಾತ್ರ ಬೇಡ. ಮೀನಿನ ಆಸೆಗೆ ಹೋಗುವವರು ಜೂನ್ 1ರಿಂದ ಜುಲೈ 31ರವರೆಗೆ ಹೋಗಬೇಡಿ, ಆಗ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಈ ದಾರಿಯೂ ನಡೆಯುವಂಥದ್ದಲ್ಲ.

ಇನ್ನೊಂದು ಮಾತು ಪ್ರವಾಸೋದ್ಯಮದ ಹೆಸರಿನಲ್ಲಿ ಫಲಕ ನೆಡಿಸುವ ದೊಡ್ಡವರಿಗೆ. ದಾರಿಯುದ್ದಕ್ಕೂ ಸ್ವಾಗತದ ಬೋರ್ಡುಗಳಿವೆ, ಹೋಮ್‌ಸ್ಟೇಗಳ ಬೋರ್ಡುಗಳಿವೆ. ನಾವು ಸಿಕ್ಕಿಬಿದ್ದ ಮೂಲೆಯಲ್ಲಿ ಭರತದ ಹೊತ್ತು ಬರೆದ ಒಂದು ಹಲಗೆಯೂ ಇರಲಿಲ್ಲ. ಒಂದು ಹಲಗೆ, ಒಂದು ಸೀಮೆಸುಣ್ಣ ಸಾಕು. ದಿನವೂ ಹೊತ್ತು ಬರೆಯಲು ಆ ಊರಿನ ಹೆಂಗಸರಲ್ಲಿ ಯಾರನ್ನಾದರೂ ನೇಮಿಸಿ, ಸಂಬಳ ಕೊಡಿ.