ಮಾಹಿತಿಯ ಸಾಗಣೆ ಮತ್ತು ವಿಳಂಬ

1986ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಂದು ಸೋಜಿಗದ ಸಂಗತಿ ನಡೆಯಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾನಿಲಯಕ್ಕೂ ನಡುವಣ ದೂರ ಸುಮಾರು 400 ಗಜ. ಇವೆರಡರ ಗಣಕಯಂತ್ರಗಳ ನಡುವೆ ಸೆಕೆಂಡಿಗೆ 32,000 ಬಿಟ್‌ಗಳಂತೆ ಸಾಗುತ್ತಿದ್ದ ಮಾಹಿತಿ ಬರಿಯ 40 ಬಿಟ್‌ಗಳಿಗೆ ಇಳಿಯಿತು. ಇದಕ್ಕೆ ಕಾರಣವೇನು?

ಒಂದು ಸರಳವಾದ ಲೆಕ್ಕವನ್ನು ಮಾಡೋಣ. ಮಾರ್ಗವೊಂದು ಸೆಕೆಂಡಿಗೆ 10 ಲಕ್ಷ ಬಿಟ್‌ಗಳನ್ನು ಒಯ್ಯಬಲ್ಲುದೆನ್ನಿ. ಮಾಹಿತಿ ತಲಪಿ, ‘ಮುಟ್ಟಿತು’ ಎಂಬ ಮರುತ್ತರ ಬರಲು 0.1 ಸೆಕೆಂಡ್ ಹಿಡಿಯಲಿ. ಇವೆರಡರ ಗುಣಲಬ್ಧವಾದ 1 ಲಕ್ಷ ಬಿಟ್‌ಗಳೇ ಆ ಮಾರ್ಗವು ಹಿಡಿಯುವ ಮಾಹಿತಿ. ಮರುತ್ತರ ಬರುವ ಮೊದಲು ನಾವು 50,000 ಬಿಟ್‌ಗಳನ್ನು ಮಾತ್ರ ಕಳುಹಿಸಿದರೆ ಮಾರ್ಗದ ಅರ್ಧಭಾಗ ಬರಿದಾಗಿರುತ್ತದೆ. ಸಾಗಣೆಯ ದರ 5 ಲಕ್ಷ. ಒಂದು ಲಕ್ಷ ಕಳುಹಿಸಿದರೆ ದರ ಪೂರ್ಣ 10 ಲಕ್ಷ. ಎರಡು ಲಕ್ಷ ಕಳುಹಿಸಿದರೋ? ದರ 10 ಲಕ್ಷವನ್ನು ಮೀರಲಾರದು. ಹೆಚ್ಚಿನ ಬಿಟ್‌ಗಳು ಮಾರ್ಗದ ಬಾಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಮರುತ್ತರ 0.2 ಸೆಕೆಂಡಿಗೆ ಬರುತ್ತದೆ. ಲಾಭವೇನೂ ಇಲ್ಲ, ವಿಳಂಬ ಮಾತ್ರ ಇಮ್ಮಡಿ. ಅದೇ ಮಾರ್ಗದಲ್ಲಿ ಸಂಭಾಷಿಸುತ್ತಿರುವ ಬೇರೊಬ್ಬರ ಧ್ವನಿಯೂ ಈ ಸಾಲಿನ ಹಿಂದೆ ಕಾಯಬೇಕಾಗುತ್ತದೆ.

ಬರ್ಕ್ಲಿಯಲ್ಲಿ ವಿಷಯ ಇದಕ್ಕಿಂತಲೂ ಮುಂದೆ ಹೋಯಿತು. ಸಾಲು ಬೆಳೆದಂತೆ ಮರುತ್ತರಗಳು ತಡವಾದವು. ಮಾಹಿತಿ ಕಳೆದುಹೋಯಿತೆಂದು ಭಾವಿಸಿ ಯಂತ್ರಗಳು ಅದನ್ನೇ ಮತ್ತೆ ಮತ್ತೆ ಕಳುಹಿಸಿದವು. ಸಾಲು ಇನ್ನಷ್ಟು ಬೆಳೆಯಿತು. ಮಾರ್ಗವು ಹಳೆಯ ಮಾಹಿತಿಯ ಪ್ರತಿಗಳಿಂದಲೇ ತುಂಬಿಹೋಯಿತು. ಇದನ್ನು ಪರಿಶೀಲಿಸಿದ ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ 1988ರಲ್ಲಿ ಪರಿಹಾರವನ್ನು ಪ್ರಕಟಿಸಿದರು. ಕಳುಹಿಸುವ ಯಂತ್ರವು ಮಾಹಿತಿಯ ಪ್ರಮಾಣವನ್ನು ಕ್ರಮವಾಗಿ ಹೆಚ್ಚಿಸುತ್ತ ಹೋಗಬೇಕು. ನಷ್ಟ ಕಂಡೊಡನೆ ತಗ್ಗಿಸಬೇಕು.

ಆದರೆ ನಷ್ಟವು ಸಾಮಾನ್ಯವಾಗಿ ಕಾಣುವುದು ಸಾಲಿಗೆಂದು ಇರುವ ಸ್ಥಳ ತುಂಬಿದ ಬಳಿಕ. ಅಷ್ಟರಲ್ಲಿ ವಿಳಂಬ ಬೆಳೆದಿರುತ್ತದೆ. ಲಿಯೊನಾರ್ಡ್ ಕ್ಲೈನ್‌ರಾಕ್ ಎಂಬವರು 1979ರಲ್ಲಿಯೇ ಸಾಗಣೆಯ ದರವನ್ನು ವಿಳಂಬದಿಂದ ಭಾಗಿಸಿ, ಬರುವ ಸಂಖ್ಯೆ ಗರಿಷ್ಠವಾಗಿರುವ ಸ್ಥಿತಿಯೇ ಉತ್ತಮವೆಂದು ವಿವೇಚಿಸಿದ್ದರು. ನಮ್ಮ ಮೂರು ಉದಾಹರಣೆಗಳಲ್ಲಿ ಆ ಸಂಖ್ಯೆ ಕ್ರಮವಾಗಿ 50 ಲಕ್ಷ, 1 ಕೋಟಿ, 50 ಲಕ್ಷ. ಮಾರ್ಗ ತುಂಬಿದ್ದು ಸಾಲು ಬರಿದಾಗಿರುವ ನಡುವಣ ಸ್ಥಿತಿಯೇ ಶ್ರೇಷ್ಠವಾದುದು. ಗೂಗಲ್ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ ‘ಬಿಬಿಆರ್’ ವಿಧಾನವು ನಷ್ಟಕ್ಕಾಗಿ ಕಾಯದೆ, ದರವನ್ನೂ ಕನಿಷ್ಠ ವಿಳಂಬವನ್ನೂ ಅಳೆದು ಈ ಸ್ಥಿತಿಯನ್ನೇ ಅರಸುತ್ತದೆ.

ಮೂರು ಲಕ್ಷ ಬಿಟ್‌ಗಳನ್ನು ಕಳುಹಿಸಿದರೆ ಏನಾಗುವುದೆಂಬುದನ್ನು ವಾಚಕರೇ ಲೆಕ್ಕ ಹಾಕಿ ನೋಡಬಹುದು. ಮಿತಿಯನ್ನು ಮೀರಿದ ಆತುರದಿಂದ ಸಾಗಣೆ ಹೆಚ್ಚದು. ಕಾಯುವಿಕೆ ಮಾತ್ರ ಹೆಚ್ಚುವುದು.