ನಗುವೂ ಮನಸ್ಸಿನ ಸ್ವಾಸ್ಥ್ಯವೂ

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆಂಬ ಗಾದೆಯನ್ನು ಕೇಳದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ವಿರಳ. ಆದರೆ ನಗುವನ್ನು ಅಡಗಿಸುವುದರಿಂದ ಮನಸ್ಸಿಗೊದಗುವ ನಷ್ಟವನ್ನು ನಾವು ಆಲೋಚಿಸಿದ್ದೇವೆಯೇ?

ಮನಸ್ಸು ಕಳವಳಗೊಂಡಾಗ ಉಸಿರು ಬಿಗಿಯುತ್ತದೆ, ಮೈ ಸೆಟೆಯುತ್ತದೆ. ಮನಸಾರೆ ನಕ್ಕಾಗಲಾದರೋ ಉಸಿರು ಧಾರಾಳವಾಗಿ ಹೊರಬೀಳುತ್ತದೆ. ತರುವಾಯ ಅಂಗಾಂಗಗಳು ಸಡಿಲಗೊಳ್ಳುತ್ತವೆ. ರಾಬಿನ್ ಡನ್‌ಬಾರ್ ಎಂಬ ಆಂಗ್ಲ ವಿದ್ವಾಂಸರೂ ಅವರ ಸಂಗಡಿಗರೂ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವಿನೋದದ ಚಿತ್ರಗಳನ್ನು ಕಂಡು ನಕ್ಕವರು ಮೊದಲಿಗಿಂತ ಹೆಚ್ಚು ನೋವನ್ನು ಸಹಿಸಬಲ್ಲವರಾದರು. ನಗುವಾಗ ಮೆದುಳಿನಲ್ಲಿ ಒಸರುವ ಎಂಡಾರ್ಫಿನ್ ಎಂಬ ನೋವುಶಾಮಕ ದ್ರವ್ಯವೇ ಇದಕ್ಕೆ ಕಾರಣವೆಂದು ಅವರ ಅಭಿಪ್ರಾಯ.

ಆದರೆ ಎಲ್ಲ ನಗುವೂ ಔಷಧವಲ್ಲ. ಸಹಪಾಠಿಯ ತೊದಲು ಮಾತನ್ನೋ ತೇಪೆ ಹಾಕಿದ ಲಂಗವನ್ನೋ ಕಂಡು ಮಾಡುವ ಅಪಹಾಸ್ಯವು ಅವಳ ಮನಸ್ಸಿಗೆ ಗಾಯವನ್ನೇ ಮಾಡುತ್ತದೆ. ಬಹುದಿನಗಳಿಂದ ಬಿಡದ ಖಿನ್ನತೆಗೆ ನಗುವೊಂದೇ ಸಾಲದು. ವೈದ್ಯರ ನೆರವೂ ಅವಶ್ಯ.

ಆದುದರಿಂದ, ಗೆಳತಿಯರೊಡನೆ ಮಗಳು ಗಟ್ಟಿಯಾಗಿ ನಕ್ಕಾಗ ಗದರಿಸುವ ಮುನ್ನ ತಾಯಿತಂದೆಗಳಾದ ನಾವು ಒಂದು ಕ್ಷಣ ತಡೆಯೋಣ. ಮನೆಯಲ್ಲಿ ನಗಲು ಅಂಜದವಳು ತನ್ನ ಅಳಲನ್ನು ಅಲ್ಲಿಯೇ ತೋಡಿಕೊಳ್ಳಲೂ ಅಂಜಳು.